ಚಿಕಿತ್ಸೆ ಮುಗಿದ ಮರುದಿನದ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಕ್ಯಾನ್ಸರ್ ಗೆದ್ದವರ ಕಥೆಗಳನ್ನು ತಮ್ಮ ಪತ್ರಿಕೆ ಆಗಾಗ ಪ್ರಕಟಿಸುತ್ತ ಬಂದಿದೆ. ಅವುಗಳನ್ನು ನಾನು ತಪ್ಪದೆ ಓದುತ್ತೇನೆ, ಏಕೆಂದರೆ ಆರು ವರ್ಷಗಳ ಹಿಂದೆ ಸ್ತನ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಮೂರನ್ನೂ ಕಂಡು ಬಂದವಳು ನಾನು. ಆ ಕಥೆಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅವೆಲ್ಲವೂ ಒಂದೇ ಕಡೆ ಬಂದು ನಿಲ್ಲುತ್ತವೆ: ಕೊನೆಯ ಕೀಮೋ ಮುಗಿಯುತ್ತದೆ, ರಿಪೋರ್ಟು ಚೆನ್ನಾಗಿ ಬರುತ್ತದೆ, ಮನೆಯವರು ಕಣ್ಣೊರೆಸಿಕೊಳ್ಳುತ್ತಾರೆ, ನಗುಮುಖದ ಫೋಟೊ ಒಂದು ಅಚ್ಚಾಗುತ್ತದೆ. ನನಗೆ ಹೆಚ್ಚಿನ ಆಸರೆ ಬೇಕಾದದ್ದು ಅಂಥ ಫೋಟೊ ತೆಗೆಸಿಕೊಂಡ ಮೇಲಿನ ದಿನಗಳಲ್ಲಿ, ಮತ್ತು ಆಗಲೇ ಅದು ಎಲ್ಲಿ ಸಿಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದರ ಬಗ್ಗೆ.

ಕೆಲವು ಆಸ್ಪತ್ರೆಗಳಲ್ಲಿ ಚಿಕಿತ್ಸೆ ಮುಗಿದ ದಿನ ರೋಗಿಯ ಕೈಯಲ್ಲಿ ಗಂಟೆ ಬಾರಿಸುವ ಪದ್ಧತಿ ಇದೆ. 1996ರಲ್ಲಿ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಅರ್ವ್ ಲೆ ಮೊಯ್ನ್ ಎಂಬ ನೌಕಾಪಡೆಯ ಹಿರಿಯ ಅಧಿಕಾರಿ, ಕೆಲಸ ಮುಗಿದಾಗ ಗಂಟೆ ಹೊಡೆಯುವ ತಮ್ಮ ಪಡೆಯ ಸಂಪ್ರದಾಯವನ್ನು ನೆನೆದು, ರೇಡಿಯೇಷನ್ನಿನ ಕೊನೆಯ ದಿನ ಹಿತ್ತಾಳೆಯ ಗಂಟೆಯೊಂದನ್ನು ತಂದು ಬಾರಿಸಿ ಅಲ್ಲಿಯೇ ಬಿಟ್ಟುಹೋದರು. ಆ ಪದ್ಧತಿ ಅಲ್ಲಿಂದ ಎಲ್ಲೆಡೆ ಹಬ್ಬಿತು. ನಾನೂ ಬಾರಿಸಿದ್ದೇನೆ. ಬಾರಿಸುವಾಗ ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದರು. ಅವರ ಕಾಯಿಲೆ ಮೂಳೆಗೆ ಹರಡಿತ್ತು, ಅವರ ಔಷಧಿಗೆ ಕೊನೆಯ ದಿನ ಎಂಬುದೇ ಇರಲಿಲ್ಲ. ಆದರೂ ಅವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇಂದಿಗೂ ನನ್ನನ್ನು ಚುಚ್ಚುತ್ತದೆ. ಗಂಟೆ ಬಾರಿಸಿದವರಿಗೆ ಚಿಕಿತ್ಸೆಯ ದಿನಗಳ ಸಂಕಟ ತಗ್ಗುವ ಬದಲು ಹೆಚ್ಚಾಗಿಯೇ ನೆನಪಿನಲ್ಲಿ ಉಳಿಯುತ್ತದೆ ಎಂದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿದ್ದನ್ನು ಆಮೇಲೆ ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಚಿಕಿತ್ಸೆ ನಡೆಯುತ್ತಿದ್ದಷ್ಟು ದಿನ ಮೂರು ವಾರಕ್ಕೊಮ್ಮೆ ಯಾರೋ ನನ್ನ ರಕ್ತ ಪರೀಕ್ಷಿಸುತ್ತಿದ್ದರು, ತೂಕ ನೋಡುತ್ತಿದ್ದರು, ಬಾಯಿ ಹುಣ್ಣಾಗಿದೆಯೇ ಎಂದು ಕೇಳುತ್ತಿದ್ದರು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಾಗುವುದನ್ನು ಕಾಯದೆ ಕರೆ ಮಾಡಬೇಕೆಂದು ಒಂದು ದೂರವಾಣಿ ಸಂಖ್ಯೆಯನ್ನೂ ಕೊಟ್ಟಿದ್ದರು, ಏಕೆಂದರೆ ಬಿಳಿ ರಕ್ತಕಣಗಳು ಕುಸಿದಿರುವಾಗ ಬರುವ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ನಡುರಾತ್ರಿ ಎರಡು ಸಲ ಆ ಸಂಖ್ಯೆಗೆ ಕರೆ ಮಾಡಿದ್ದೆ. ಎತ್ತಿದ ನರ್ಸಿನ ಹೆಸರು ಗೊತ್ತಿಲ್ಲ, ಆದರೆ ಆ ದನಿ ಕೇಳಿದರೆ ಈಗಲೂ ಗುರುತಿಸಬಲ್ಲೆ. ಕೊನೆಯ ರೇಡಿಯೇಷನ್ ಮುಗಿದ ದಿನ ವೈದ್ಯರು ಸಂತೋಷದಿಂದಲೇ, ಇನ್ನು ಆರು ತಿಂಗಳು ಬಿಟ್ಟು ಬನ್ನಿ ಎಂದರು. ಮನೆಗೆ ಬಂದು ಕುಳಿತಾಗ, ಗೋಡೆಗೆ ಆನಿಸಿಕೊಂಡಿದ್ದ ಬೆನ್ನಿಗೆ ಇದ್ದಕ್ಕಿದ್ದಂತೆ ಗೋಡೆಯೇ ಇಲ್ಲವಾದ ಹಾಗಾಯಿತು. ಎಲ್ಲರೂ ಅಭಿನಂದಿಸುತ್ತಿದ್ದರು, ನನಗೆ ಮಾತ್ರ ಭಯ ಶುರುವಾಗಿತ್ತು.

ಈ ಅನುಭವ ನನ್ನೊಬ್ಬಳದಲ್ಲ, ಹೊಸದೂ ಅಲ್ಲ. ಸ್ವತಃ ಕ್ಯಾನ್ಸರಿಗೆ ತುತ್ತಾಗಿ ಬದುಕುಳಿದ ಅಮೆರಿಕದ ವೈದ್ಯ ಫಿಟ್ಸ್‌ಹ್ಯೂ ಮಲನ್ ಅವರು 1985ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಪ್ರಬಂಧದಲ್ಲಿ ಕ್ಯಾನ್ಸರ್ ರೋಗಿಯ ಬದುಕನ್ನು ಮೂರು ಋತುಗಳಾಗಿ ನೋಡಿದರು: ರೋಗ ಪತ್ತೆಯಾಗಿ ಚಿಕಿತ್ಸೆ ನಡೆಯುವ ಕಾಲ, ಚಿಕಿತ್ಸೆ ಮುಗಿದರೂ ಅದು ಮರುಕಳಿಸುವ ಭಯವೇ ಮನೆಯನ್ನು ಆಳುವ ಕಾಲ, ಭಯ ತಗ್ಗಿದ ಮೇಲೂ ಮೈಯಲ್ಲಿ, ಕೆಲಸದಲ್ಲಿ, ಸಂಬಂಧಗಳಲ್ಲಿ ಅದರ ಗುರುತು ಉಳಿಯುವ ಕಾಲ. ನಡುನೀರಿನಲ್ಲಿ ಕೈಬಿಟ್ಟರು ಎಂದು ನಾವು ದೂರುವುದುಂಟು. ಮಲನ್ ಅವರ ದೂರು ಇನ್ನೂ ಸೂಕ್ಷ್ಮವಾದದ್ದು. ಮುಳುಗುತ್ತಿರುವವರನ್ನು ನೀರಿನಿಂದ ಎಳೆದು ತರುವ ವಿದ್ಯೆ ನಮಗೆ ಚೆನ್ನಾಗಿ ಗೊತ್ತಿದೆ, ಆದರೆ ಎಳೆದು ತಂದ ಮೇಲೆ ಕೆಮ್ಮುತ್ತ ನಡುಗುತ್ತ ದಡದಲ್ಲಿ ಬಿದ್ದಿರಲೆಂದು ಬಿಟ್ಟುಬಿಡುತ್ತೇವೆ ಎಂಬುದು ಅವರ ಮಾತಿನ ಸಾರ. ಅದಾಗಿ ಇಪ್ಪತ್ತು ವರ್ಷಗಳ ಮೇಲೆ ಅಮೆರಿಕದ ವೈದ್ಯಕೀಯ ಸಂಸ್ಥೆಯ ತಜ್ಞರ ಸಮಿತಿಯೊಂದು, ಚಿಕಿತ್ಸೆ ಮುಗಿಸಿದ ಪ್ರತಿಯೊಬ್ಬರಿಗೂ ಮುಂದಿನ ಆರೈಕೆಯ ಯೋಜನೆಯೊಂದನ್ನು ಬರಹದಲ್ಲಿ ಕೊಡಬೇಕೆಂದು ಶಿಫಾರಸು ಮಾಡಿತು: ಯಾವ ಔಷಧಿಯನ್ನು ಎಷ್ಟು ಪ್ರಮಾಣದಲ್ಲಿ ಕೊಡಲಾಗಿದೆ, ಅದರಿಂದ ಮುಂದೆ ಹೃದಯಕ್ಕೋ ಮೂಳೆಗೋ ಏನಾಗಬಹುದು, ಯಾವ ಪರೀಕ್ಷೆ ಯಾವಾಗ, ಯಾವ ಲಕ್ಷಣ ಕಂಡರೆ ಯಾರನ್ನು ಕಾಣಬೇಕು. ಒಂದೆರಡು ಪುಟದ ಕೆಲಸ. ನನ್ನ ಕೈಗೆ ಅಂಥದ್ದು ಬರಲಿಲ್ಲ. ಬಂದದ್ದು ದಪ್ಪನೆಯ ಫೈಲು, ಅದರೊಳಗೆ ನನಗೆ ಅರ್ಥವಾಗದ ನೂರಾರು ಹಾಳೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ ಜನರಿಗೆ ಹೊಸದಾಗಿ ಕ್ಯಾನ್ಸರ್ ಪತ್ತೆಯಾಯಿತು. ಪತ್ತೆಯಾಗಿ ಐದು ವರ್ಷದೊಳಗಿರುವ, ಬದುಕಿರುವ ಜನರ ಸಂಖ್ಯೆ 5.35 ಕೋಟಿ. ಇಷ್ಟು ಜನ ಆ ದಡದಲ್ಲಿದ್ದಾರೆ.

ದಡದಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲನೆಯದು ದಣಿವು. ಕೆಲಸ ಮಾಡಿ ಆಗುವ ಸುಸ್ತು ಮಲಗಿದರೆ ಹೋಗುತ್ತದೆ. ಇದು ಹತ್ತು ಗಂಟೆ ಮಲಗಿ ಎದ್ದರೂ ಹಾಸಿಗೆಯ ಅಂಚಿನಲ್ಲಿಯೇ ಕಾದು ಕುಳಿತಿರುತ್ತದೆ. ಎರಡನೆಯದು ಮರೆವು. ನಾನು ಶಾಲಾ ಶಿಕ್ಷಕಿ. ಮೂರು ವರ್ಷ ಪಾಠ ಹೇಳಿದ ಹುಡುಗಿಯ ಹೆಸರು ತರಗತಿಯಲ್ಲಿ ನಿಂತಾಗ ನಾಲಿಗೆಗೆ ಬರದೆ, ಹಾಜರಿ ಪುಸ್ತಕ ತೆರೆದು ನೋಡಿದ್ದೇನೆ. ಇದು ನನ್ನ ಭ್ರಮೆಯಲ್ಲ, ಕೀಮೋ ಪಡೆದ ಅನೇಕರಿಗೆ ಆಗುವಂಥದ್ದು ಮತ್ತು ಬಹುಪಾಲು ಜನರಲ್ಲಿ ನಿಧಾನವಾಗಿ ತಗ್ಗುವಂಥದ್ದು ಎಂದು ಯಾರಾದರೂ ಮೊದಲೇ ಹೇಳಿದ್ದರೆ, ಬುದ್ಧಿಯೇ ಹೋಯಿತೆಂದು ಒಂದು ವರ್ಷ ಒಳಗೊಳಗೇ ಅಳುವುದು ತಪ್ಪುತ್ತಿತ್ತು. ಅಂಗಾಲು ಜುಮ್ಮೆನ್ನುವುದು, ನಿದ್ದೆ ಹಾರಿಹೋಗುವುದು, ಅಕಾಲದಲ್ಲಿ ಮುಟ್ಟು ನಿಂತು ಮೈ ಕಾಯುವುದು, ದಾಂಪತ್ಯದಲ್ಲಿ ಮೈಯೇ ಅಪರಿಚಿತವಾಗುವುದು, ಇವನ್ನೆಲ್ಲ ಕೇಳುವುದಕ್ಕೆ ನನಗೆ ಸಂಕೋಚ, ಹೇಳುವುದಕ್ಕೆ ವೈದ್ಯರಿಗೆ ಸಮಯವಿಲ್ಲ. ಈ ಪ್ರತಿಯೊಂದಕ್ಕೂ ಪೂರ್ತಿಯಾಗಿ ಅಲ್ಲದಿದ್ದರೂ ಒಂದು ಮಟ್ಟಿಗೆ ಪರಿಹಾರವಿದೆ ಎಂಬುದೇ ಇಲ್ಲಿ ಮುಖ್ಯ ಸಂಗತಿ.

ದಣಿವಿನ ವಿಷಯದಲ್ಲಿ ಸುತ್ತಲಿನವರ ಪ್ರೀತಿಯೇ ನನಗೆ ಮುಳುವಾಯಿತೆಂದರೆ ತಪ್ಪಿಲ್ಲ. ಎಲ್ಲರೂ ವಿಶ್ರಾಂತಿ, ವಿಶ್ರಾಂತಿ ಎಂದರು. ಆದರೆ ಈ ಬಗೆಯ ದಣಿವಿಗೆ ಈವರೆಗೆ ಗೊತ್ತಿರುವ ಉತ್ತಮ ಮದ್ದುಗಳಲ್ಲಿ ಒಂದು, ಅಳತೆಯರಿತು ಮಾಡುವ ವ್ಯಾಯಾಮ. 2019ರಲ್ಲಿ ಹಲವು ದೇಶಗಳ ತಜ್ಞರು ಒಟ್ಟಾಗಿ ನೀಡಿದ ಸಲಹೆಯಂತೆ ವಾರಕ್ಕೆ ಮೂರು ದಿನ ಅರ್ಧ ಗಂಟೆ ಸ್ವಲ್ಪ ಉಸಿರು ಏರುವಷ್ಟು ವೇಗದ ನಡಿಗೆಯಂಥ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮ ಸಾಕು, ಅಷ್ಟರಿಂದಲೇ ದಣಿವು, ಆತಂಕ, ಖಿನ್ನತೆ ತಗ್ಗುತ್ತವೆ. 2025ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋ ಮುಗಿಸಿದ 889 ಜನರಲ್ಲಿ ಅರ್ಧದಷ್ಟು ಜನರಿಗೆ ಮೂರು ವರ್ಷ ತರಬೇತುದಾರರ ಬೆಂಬಲದೊಡನೆ ವ್ಯಾಯಾಮ ಮಾಡಿಸಲಾಯಿತು, ಉಳಿದವರಿಗೆ ಆರೋಗ್ಯದ ಬಗೆಗಿನ ಪುಸ್ತಿಕೆ ಮಾತ್ರ ಕೊಡಲಾಯಿತು. ಐದು ವರ್ಷಗಳ ನಂತರ ರೋಗ ಮರುಕಳಿಸದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 80.3, ಎರಡನೆಯದರಲ್ಲಿ ಶೇ 73.9. ಇಲ್ಲಿ ನನ್ನ ಗಮನ ಸೆಳೆದದ್ದು ಅಂಕಿಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ: ಎರಡೂ ಗುಂಪಿನವರಿಗೆ ವ್ಯಾಯಾಮ ಒಳ್ಳೆಯದೆಂಬ ತಿಳಿವಳಿಕೆ ಇತ್ತು, ಒಂದು ಗುಂಪಿಗೆ ಮಾತ್ರ ಜೊತೆಗೆ ನಿಂತು ಮಾಡಿಸುವ ಒಬ್ಬರಿದ್ದರು. ತಿಳಿವಳಿಕೆಗೂ ಆಸರೆಗೂ ಇರುವ ಅಂತರ ಅದು.

ಕೈ ಬಾವಿನ ಕಥೆಯೂ ಹೀಗೆಯೇ. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ಬದಿಯ ಕೈಯಲ್ಲಿ ದ್ರವ ನಿಂತು ಊದಿಕೊಳ್ಳುವ ಸಾಧ್ಯತೆ ಇರುತ್ತದೆ. ಭಾರ ಎತ್ತಲೇಬೇಡಿ ಎಂದು ಯಾರೋ ಹೇಳಿದರು, ನಾನು ಎರಡು ವರ್ಷ ಒಂದು ಬಕೆಟ್ ನೀರನ್ನೂ ಎತ್ತಲಿಲ್ಲ. ಕೈ ಊದಲಿಲ್ಲ ನಿಜ, ಆದರೆ ತೋಳು ಸೊರಗಿ ಭುಜ ಬಿಗಿದುಹೋಯಿತು. ಕೈ ಬಾವು ಇದ್ದ 141 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದು, ಸರಿಯಾದ ಮಾರ್ಗದರ್ಶನದಲ್ಲಿ ನಿಧಾನವಾಗಿ ಭಾರ ಹೆಚ್ಚಿಸುತ್ತ ಹೋದರೆ ಬಾವು ಹೆಚ್ಚುವುದಿಲ್ಲ, ಅದು ಉಲ್ಬಣಿಸುವ ಸಂದರ್ಭಗಳು ಕಡಿಮೆಯೇ ಆಗುತ್ತವೆ ಎಂದು ಆಗಲೇ ತೋರಿಸಿತ್ತು. ನನಗೆ ಅದನ್ನು ಹೇಳಿದವರು ಒಬ್ಬ ಫಿಸಿಯೋಥೆರಪಿಸ್ಟ್, ಅದೂ ಮೊಣಕಾಲು ನೋವಿಗೆಂದು ಹೋದಾಗ, ಮಾತಿಗೆ ಮಾತು ಬಂದು.

ಇನ್ನು ಮನಸ್ಸಿನ ಮಾತು. ರೋಗಿಗೆ ಸಿಗುವ ಉಪದೇಶಗಳಲ್ಲಿ ಅತ್ಯಂತ ಅಗ್ಗವಾದದ್ದು ಧೈರ್ಯವಾಗಿರು, ಒಳ್ಳೆಯದನ್ನೇ ಯೋಚಿಸು ಎಂಬುದು. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಅದರ ಬೆನ್ನಿಗೆ ಹೇಳದ ಮಾತೊಂದು ಅಂಟಿಕೊಂಡಿರುತ್ತದೆ: ಕಾಯಿಲೆ ಮರುಕಳಿಸಿದರೆ ನೀನು ಸಾಕಷ್ಟು ಧೈರ್ಯವಾಗಿರಲಿಲ್ಲ ಎಂದರ್ಥ. ಇದಕ್ಕೆ ಆಧಾರವಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನಸ್ಸಿನ ಉಲ್ಲಾಸಕ್ಕೂ ಎಷ್ಟು ಕಾಲ ಬದುಕಿದರು ಎಂಬುದಕ್ಕೂ ಸಂಬಂಧ ಕಂಡುಬರಲಿಲ್ಲ. ಸ್ತನ ಕ್ಯಾನ್ಸರ್ ಹರಡಿದ ಮಹಿಳೆಯರು ಗುಂಪಾಗಿ ಕುಳಿತು ಮಾತಾಡುವ ಚಿಕಿತ್ಸೆ ಆಯುಷ್ಯವನ್ನು ಹೆಚ್ಚಿಸುತ್ತದೆ ಎಂದು 1989ರಲ್ಲಿ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು ವರದಿ ಮಾಡಿದಾಗ ದೊಡ್ಡ ಆಸೆ ಹುಟ್ಟಿತ್ತು. 2001ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಆಯುಷ್ಯ ಹೆಚ್ಚಲಿಲ್ಲ, ಆದರೆ ಆ ಮಹಿಳೆಯರ ಸಂಕಟ ಮತ್ತು ನೋವಿನ ಅನುಭವ ತಗ್ಗಿತು. ನನಗೆ ಈ ಎರಡನೆಯ ಫಲಿತಾಂಶ ಹೆಚ್ಚು ಸಮಾಧಾನ ತಂದಿತು. ಅತ್ತರೆ ಆಯುಷ್ಯ ಕಡಿಮೆಯಾಗುವುದಿಲ್ಲ. ಮಾತಾಡಿದರೆ ಸಂಕಟ ಕಡಿಮೆಯಾಗುತ್ತದೆ. ಇಷ್ಟು ಸಾಲದೇ?

ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಮನೋವೈದ್ಯೆಯಾಗಿದ್ದ ಜಿಮ್ಮಿ ಹಾಲಂಡ್, ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಯನ್ನು ಪ್ರತ್ಯೇಕ ವಿದ್ಯೆಯಾಗಿ ಬೆಳೆಸಿದವರು. ಖಿನ್ನತೆ, ಮನೋರೋಗ ಎಂಬ ಹೆಸರುಗಳಿಗೆ ರೋಗಿಗಳು ಹೆದರುತ್ತಾರೆಂದು ತಿಳಿದು, ಸಂಕಟ ಎಂಬ ಸಾಮಾನ್ಯ ಮಾತನ್ನೇ ಆರಿಸಿಕೊಂಡು, ಅದನ್ನು ಅಳೆಯಲು ಥರ್ಮಾಮೀಟರಿನ ಚಿತ್ರವೊಂದನ್ನು ಬಳಕೆಗೆ ತಂದವರಲ್ಲಿ ಅವರು ಪ್ರಮುಖರು. ಸೊನ್ನೆಯಿಂದ 10ರವರೆಗೆ ಗುರುತು, ಈ ವಾರ ನಿಮ್ಮ ಸಂಕಟ ಎಷ್ಟು ಎಂದು ರೋಗಿ ಬೆರಳಿಟ್ಟು ತೋರಿಸಬೇಕು. 4 ಅಥವಾ ಅದಕ್ಕಿಂತ ಹೆಚ್ಚಾದರೆ ಯಾಕೆಂದು ವಿಚಾರಿಸಿ, ಬೇಕಿದ್ದರೆ ಆಪ್ತಸಮಾಲೋಚಕರ ಬಳಿಗೆ ಕಳುಹಿಸುತ್ತಾರೆ. ಅದಕ್ಕೆ ಒಂದು ನಿಮಿಷವೂ ಬೇಕಾಗಿಲ್ಲ. ರಕ್ತದೊತ್ತಡ ಬರೆಯುವ ಫೈಲಿನಲ್ಲಿ ಅದರ ಕೆಳಗೆ ಈ ಒಂದು ಅಂಕಿಯನ್ನೂ ಬರೆಯಲು ಏನು ಅಡ್ಡಿ ಎಂಬುದು ನನಗೆ ಇನ್ನೂ ತಿಳಿದಿಲ್ಲ. ರೋಗಿಯ ಮಾತನ್ನು ದಾಖಲಿಸುವುದು ಬರಿಯ ಉಪಚಾರವಲ್ಲ. ಕೀಮೋ ಪಡೆಯುತ್ತಿದ್ದ 766 ಜನರಲ್ಲಿ ಕೆಲವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ನಿಯತವಾಗಿ ದಾಖಲಿಸುವ, ತೊಂದರೆ ಹೆಚ್ಚಾದಾಗ ನರ್ಸಿಗೆ ಸೂಚನೆ ಹೋಗುವ ಏರ್ಪಾಡು ಮಾಡಿದಾಗ, ಅವರು ಉಳಿದವರಿಗಿಂತ ಸುಮಾರು ಐದು ತಿಂಗಳು ಹೆಚ್ಚು ಬದುಕಿದರೆಂದು 2017ರಲ್ಲಿ ವರದಿಯಾಗಿದೆ. ಹೊಸ ಔಷಧಿಯೊಂದು ಇಷ್ಟು ಮಾಡಿದ್ದರೆ ಅದು ಮುಖಪುಟದ ಸುದ್ದಿಯಾಗುತ್ತಿತ್ತು.

ಅದೇ ಹಾದಿ ತುಳಿದು ಬಂದವರ ಜೊತೆ ಕುಳಿತು ಮಾತಾಡುವುದರ ಬೆಲೆ ಬೇರೆಯದೇ. 1952ರಲ್ಲಿ ಸ್ತನ ತೆಗೆಸಿಕೊಂಡ ಟೆರೀಸ್ ಲ್ಯಾಸರ್ ಎಂಬ ಮಹಿಳೆ, ಕೈ ಎತ್ತುವುದು ಹೇಗೆ, ಏನು ತೊಡುವುದು, ಗಂಡನಿಗೆ ಏನು ಹೇಳುವುದು ಎಂದು ವೈದ್ಯರನ್ನು ಕೇಳಿ ಉತ್ತರ ಸಿಗದೆ, ತಾವೇ ಆಸ್ಪತ್ರೆಯ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಬೇರೆ ಹೆಂಗಸರಿಗೆ ಹೇಳಿಕೊಡತೊಡಗಿದರು. ಮುಂದೆ ಅದು ಹಲವು ದೇಶಗಳಿಗೆ ಹಬ್ಬಿತು. ನಾನು ಸೇರಿದ ಗುಂಪು ಚಿಕ್ಕದು, ತಿಂಗಳಿಗೊಮ್ಮೆ ಎಂಟೋ ಹತ್ತೋ ಜನ. ಮೊದಲ ದಿನ ಬಾಯಿ ತೆರೆಯಲಿಲ್ಲ. ಸ್ಕ್ಯಾನಿಗೆ ಹೋಗುವ ಹಿಂದಿನ ವಾರವೆಲ್ಲ ಸೊಂಟ ನೋವು ಬರುತ್ತದೆ, ರಿಪೋರ್ಟು ಬಂದ ಸಂಜೆಗೆ ಅದು ಮಾಯವಾಗುತ್ತದೆ ಎಂದು ಒಬ್ಬರು ಹೇಳಿದಾಗ ನಾವೆಲ್ಲರೂ ಒಟ್ಟಿಗೆ ನಕ್ಕೆವು. ಆ ನಗುವಿಗೆ ಯಾವ ಮಾತ್ರೆಯೂ ಸಮವಲ್ಲ. ಆದರೆ ಗುಂಪು ಎಲ್ಲರಿಗೂ ಒಗ್ಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಕೆಲವರಿಗೆ ಬೇರೆಯವರ ಕಥೆ ಕೇಳಿದರೆ ಭಯ ಇಮ್ಮಡಿಯಾಗುತ್ತದೆ, ಅಂಥವರಿಗೆ ಒಬ್ಬ ಸಮಾಲೋಚಕರೋ ಒಬ್ಬ ಗೆಳತಿಯೋ ಸಾಕು. ಯಾವ ಗುಂಪಿನಲ್ಲಿ ಔಷಧಿಯ ಬಾಟಲಿ ಮಾರಾಟಕ್ಕೆ ಬರುತ್ತದೋ ಅಲ್ಲಿಂದ ಮಾತ್ರ ಎದ್ದು ಬಂದುಬಿಡಬೇಕು. ಚಿಕಿತ್ಸೆಯ ಜೊತೆಗೆ ಧ್ಯಾನ, ಯೋಗ, ಸಂಗೀತ ಇಟ್ಟುಕೊಳ್ಳುವುದು ಬೇರೆ, ಚಿಕಿತ್ಸೆಯನ್ನು ಬಿಟ್ಟು ಇನ್ನೊಂದನ್ನು ನಂಬುವುದು ಬೇರೆ. ಗುಣವಾಗಬಲ್ಲ ಹಂತದ ಕ್ಯಾನ್ಸರಿಗೆ ಪರ್ಯಾಯ ಪದ್ಧತಿಯನ್ನಷ್ಟೇ ಆರಿಸಿಕೊಂಡವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಎಂದು 2018ರ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿದೆ. ಗಿಡಮೂಲಿಕೆಯೇ ತಾನೆ ಎಂದು ವೈದ್ಯರಿಗೆ ಹೇಳದೆ ತೆಗೆದುಕೊಳ್ಳುವುದೂ ಸಲ್ಲದು, ಕೆಲವು ಮೂಲಿಕೆಗಳು ಕೀಮೋ ಔಷಧಿಯ ಪ್ರಭಾವವನ್ನೇ ತಗ್ಗಿಸುತ್ತವೆ.

ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಸಂಕಟಗಳನ್ನು ತಗ್ಗಿಸುವ ಆರೈಕೆ, ಎಂಬ ಮಾತು ಕಿವಿಗೆ ಬಿದ್ದರೆ ಮನೆಯವರು ಬೆಚ್ಚುತ್ತಾರೆ, ಇನ್ನೇನೂ ಉಳಿದಿಲ್ಲ ಎಂದು ತಿಳಿಯುತ್ತಾರೆ. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಆ ಹೆಂಗಸಿನ ಮಗನೂ ಹಾಗೆಯೇ ತಿಳಿದು ತಾಯಿಯನ್ನು ಅಲ್ಲಿಗೆ ಕಳುಹಿಸಲು ತಿಂಗಳುಗಟ್ಟಲೆ ಒಪ್ಪಿರಲಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಕೊನೆಗಾಲದ ರೋಗಿಗಳ ಆರೈಕೆಯ ಮನೆಯನ್ನು ಆರಂಭಿಸಿದ ಸಿಸಿಲಿ ಸಾಂಡರ್ಸ್, ರೋಗಿಯ ನೋವು ಮೈಯದಷ್ಟೇ ಅಲ್ಲ, ಮನಸ್ಸಿನದು, ಸಂಸಾರದ್ದು, ಬದುಕಿನ ಅರ್ಥದ್ದೂ ಹೌದು ಎಂದು ತೋರಿಸಿಕೊಟ್ಟರು. ಆ ಆರೈಕೆ ಕೊನೆಗಾಲಕ್ಕೆ ಮಾತ್ರ ಎಂಬ ತಿಳಿವಳಿಕೆ ತಪ್ಪೆಂದು 2010ರಲ್ಲಿ ಜೆನಿಫರ್ ಟೆಮೆಲ್ ಮತ್ತು ಸಂಗಡಿಗರ ಪ್ರಯೋಗ ಸಾಬೀತು ಮಾಡಿತು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರಲ್ಲಿ, ರೋಗ ಪತ್ತೆಯಾದ ಕೂಡಲೇ ಚಿಕಿತ್ಸೆಯ ಜೊತೆಯಲ್ಲಿಯೇ ಈ ಆರೈಕೆಯನ್ನೂ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು, ಮತ್ತು ಅವರು ಉಳಿದವರ 8.9 ತಿಂಗಳಿಗೆ ಎದುರಾಗಿ 11.6 ತಿಂಗಳು ಬದುಕಿದರು. ಆ ಹೆಂಗಸು ಕೊನೆಗೂ ಅಲ್ಲಿಗೆ ಹೋದಾಗ ಮೂಳೆ ನೋವಿಗೆ ಸರಿಯಾದ ಔಷಧಿ ಸಿಕ್ಕಿತು. ಇಷ್ಟು ದಿನ ಯಾಕೆ ಕಾಯಿಸಿದಿರಿ ಎಂದು ಅವರು ಮಗನನ್ನು ಕೇಳಲಿಲ್ಲ, ನನ್ನನ್ನು ಕೇಳಿದರು.

ನನ್ನ ಯಜಮಾನರ ಬಗ್ಗೆ ನಾಲ್ಕು ಸಾಲು ಬರೆಯದಿದ್ದರೆ ಈ ಪತ್ರ ಅರ್ಧವಾಗುತ್ತದೆ. ಆ ಹದಿನಾಲ್ಕು ತಿಂಗಳು ಔಷಧಿಯ ಪಟ್ಟಿ, ಆಸ್ಪತ್ರೆಯ ಸರದಿ, ವಿಮೆಯ ಕಾಗದ, ಅಡುಗೆ, ಬಂದವರಿಗೆ ಉತ್ತರ, ಎಲ್ಲವೂ ಅವರದೇ. ಭೇಟಿಗೆ ಹೋದಾಗಲೆಲ್ಲ ನೀವು ಹೇಗಿದ್ದೀರಿ ಎಂದು ನನ್ನನ್ನು ಕೇಳಿದರೇ ಹೊರತು ಪಕ್ಕದಲ್ಲಿ ನಿಂತಿದ್ದ ಅವರನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ಹೊರಗೆ ಹೋಗಿ ಒಬ್ಬರೇ ಅಳುತ್ತಿದ್ದರೆಂದು ಮೂರು ವರ್ಷಗಳ ಮೇಲೆ, ಅದೂ ಮಗಳ ಬಾಯಿಂದ ಗೊತ್ತಾಯಿತು. ಆರೈಕೆ ಮಾಡುವವರ ಸಂಕಟ ಎಷ್ಟೋ ಸಲ ರೋಗಿಯ ಸಂಕಟಕ್ಕೆ ಸಮನಾಗಿರುತ್ತದೆ. ಅವರ ಕೈಗೂ ಆ ಥರ್ಮಾಮೀಟರಿನ ಚಿತ್ರ ಕೊಡಬೇಕು.

ಕೆಲಸ, ಸಾಲ, ವಿಮೆ ಇವು ಬೇರೆಯದೇ ಪತ್ರಕ್ಕೆ ಸಾಕಾಗುವ ವಿಷಯಗಳು. ಒಂದನ್ನು ಮಾತ್ರ ಹೇಳುತ್ತೇನೆ. ಚಿಕಿತ್ಸೆ ಮುಗಿದು ನಿರ್ದಿಷ್ಟ ಅವಧಿ ಕಳೆದ ಮೇಲೆ, ಸಾಲಕ್ಕೆ ಬೇಕಾದ ವಿಮೆ ಪಡೆಯುವಾಗ ತನಗೆ ಕ್ಯಾನ್ಸರ್ ಇತ್ತೆಂದು ಹೇಳಬೇಕಾಗಿಲ್ಲ ಎಂಬ ಹಕ್ಕನ್ನು ಫ್ರಾನ್ಸ್ 2016ರಲ್ಲಿ ಕಾನೂನಿಗೆ ತಂದಿತು. 2022ರಲ್ಲಿ ಆ ಅವಧಿಯನ್ನು ಐದು ವರ್ಷಕ್ಕೆ ಇಳಿಸಿತು, ಯುರೋಪಿನ ಇತರ ಕೆಲವು ದೇಶಗಳೂ ಇಂಥ ಕಾನೂನು ಮಾಡಿವೆ. ಗುಣವಾದ ಮೇಲೂ ಕಾಗದದಲ್ಲಿ ರೋಗಿಯಾಗಿಯೇ ಉಳಿಯುವವರಿಗೆ ಅದು ಎಂಥ ನೆಮ್ಮದಿ ಎಂಬುದು ಅರ್ಜಿ ತಿರಸ್ಕೃತವಾದವರಿಗೆ ಗೊತ್ತು.

ತಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಗೆದ್ದವರ ಕಥೆಗಳನ್ನು ನಿಲ್ಲಿಸಬೇಡಿ; ಹೊಸದಾಗಿ ರೋಗ ಪತ್ತೆಯಾದವರಿಗೆ ಅವು ಬೇಕು, ನನಗೂ ಬೇಕಾಗಿದ್ದವು. ಆದರೆ ವರದಿಗಾರರು ಅವರನ್ನು ಚಿಕಿತ್ಸೆ ಮುಗಿದ ವಾರದಲ್ಲಿ ಕಂಡುಬಂದರೆ ಸಾಲದು, ಎರಡು ವರ್ಷ ಬಿಟ್ಟು ಇನ್ನೊಮ್ಮೆ ಹೋಗಿ ನಿದ್ದೆ ಹೇಗಿದೆ, ಕೆಲಸಕ್ಕೆ ಮರಳಿದಿರಾ, ಮನೆಯವರು ಹೇಗಿದ್ದಾರೆ ಎಂದು ಕೇಳಿ ಅದನ್ನೂ ಬರೆಯಲಿ. ಗುಣವಾಗದಿದ್ದರೂ ಔಷಧಿಯ ಜೊತೆ ವರ್ಷಗಟ್ಟಲೆ ಬದುಕುತ್ತಿರುವವರ ಮಾತಿಗೂ ಜಾಗ ಕೊಡಿ, ಅವರನ್ನು ಸೋತವರೆಂದು ಯಾರೂ ಕರೆಯದಂತೆ. ಹೋರಾಟ, ಗೆಲುವು, ಸೋಲು ಎಂಬ ಮಾತುಗಳನ್ನು ತಲೆಬರಹದಿಂದ ಸ್ವಲ್ಪ ದೂರವಿಟ್ಟರೆ ಇನ್ನೂ ಒಳ್ಳೆಯದು. ಆಸ್ಪತ್ರೆಗಳ ಆಡಳಿತದವರು ಈ ಪತ್ರ ಓದಿದರೆ, ಚಿಕಿತ್ಸೆ ಮುಗಿದ ದಿನ ರೋಗಿಯ ಕೈಗೆ ಎರಡು ಪುಟದ ಬರಹ, ಒಂದು ದೂರವಾಣಿ ಸಂಖ್ಯೆ, ಒಬ್ಬ ಫಿಸಿಯೋಥೆರಪಿಸ್ಟರ ಮತ್ತು ಒಬ್ಬ ಆಪ್ತಸಮಾಲೋಚಕರ ಹೆಸರು ಇಷ್ಟನ್ನು ಕೊಟ್ಟು ಕಳುಹಿಸಲಿ ಎಂದು ಕೋರುತ್ತೇನೆ. ಗಂಟೆ ಇರುವ ಕಡೆ ಅದನ್ನು ಕೀಮೋ ಕೊಠಡಿಯಿಂದ ಆಚೆ, ಶಬ್ದ ಕೇಳಿಸದಷ್ಟು ದೂರದಲ್ಲಿ ತೂಗುಹಾಕಲಿ.

ವಂದನೆಗಳೊಂದಿಗೆ,

ತಮ್ಮ ಪತ್ರಿಕೆಯ ಓದುಗರಾದ ಒಬ್ಬ ಶಿಕ್ಷಕಿ